ಚರಂಡಿ ಕಾಮಗಾರಿಗೆ ಸ್ಟೇ: ನಾವೂ ಕೋರ್ಟಿಗೆ ಹೋಗೋಣವಾ?

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಇವತ್ತು ಪುರಸಭೆಗೆ ಹೋಗಿ ಬಂದೆ. ಟೆಂಡರ್ ಕೈತಪ್ಪಿದ ಗುತ್ತಿಗೆದಾರರು ಹೈಕೋರ್ಟಿನ ಧಾರವಾಡ ಪೀಠದಿಂದ ಸ್ಟೇ ತಂದಿದ್ದಾರಂತೆ. ಮುಂದಿನ ಆದೇಶದವರೆಗೆ ಯಾರೂ ಸಲಿಕೆ ಹಾಕುವಂತಿಲ್ಲ. ಅಗೆದ ಚರಂಡಿ ಹಾಗೇ ಬಾಯಿ ತೆರೆದುಕೊಂಡಿರುತ್ತದೆ. ಕೆಲಸ ನಿಂತು ಇವತ್ತಿಗೆ 47 ದಿನ. ರೋಹಿಣಿ ಮಳೆ ಆಗಲೇ ಎರಡು ಸಲ ಹೊಡೆದಿದೆ, ಮಿರಗ (ಮೃಗಶಿರಾ) ಮಳೆ ಕೂಡುವುದಕ್ಕೆ ಜಾಸ್ತಿ ದಿನ ಇಲ್ಲ. ಏನು ಮಾಡೋಣ, ಎಲ್ಲರೂ ಹೇಳಿ.

ಮನೆ ನಂ. 22, 2ನೇ ಕ್ರಾಸ್:
ಸರ್, ನಮ್ಮ ಮನೆ ಮುಂದೆ ಆಳ ಐದೂವರೆ ಅಡಿ. ಹಳೇ ಮನೆಯ ಬಾಗಿಲನ್ನೇ ಅಡ್ಡ ಹಾಕಿ ದಾಟುತ್ತಿದ್ದೇವೆ. ಮೊನ್ನೆ ಮಳೆಗೆ ಅದು ಉಬ್ಬಿ ಒಂದು ಕಡೆ ಎದ್ದಿದೆ. ಹಾಲಿನ ಹುಡುಗ ಈ ಕಡೆ ಬರುವುದಿಲ್ಲ, ಪ್ಯಾಕೆಟ್ಟನ್ನು ಆಚೆ ದಡದ ಕರೆಂಟ್ ಕಂಬಕ್ಕೆ ಚೀಲದಲ್ಲಿ ನೇತು ಹಾಕಿ ಹೋಗುತ್ತಾನೆ. ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಟೋದವರೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತುಕೊಂಡು ಹೋಗಬೇಕು. ಕೆಳಗೆ ಕಬ್ಬಿಣದ ಕಂಬಿಗಳು ಮೇಲಕ್ಕೆ ಮುಖ ಮಾಡಿ ನಿಂತಿವೆ. ಯಾರಿಗೆ ಟೆಂಡರ್ ಸಿಕ್ಕಿದರೂ ಸರಿ, ಮೊದಲು ಇದನ್ನು ಮುಚ್ಚಿಸಿ.

3ನೇ ಕ್ರಾಸ್, ಕಿರಾಣಿ ಅಂಗಡಿ:
ಕಡಿಮೆ ರೇಟು ಹಾಕಿದವರನ್ನು ಬಿಟ್ಟು ಜಾಸ್ತಿ ರೇಟಿನವರಿಗೆ ಕೊಟ್ಟಿದ್ದಾರಂತಲ್ಲ? ಇದು ಗೋಲ್‌ಮಾಲ್ ಅಲ್ವಾ? ನಾವೂ ಪುರಸಭೆ ಮೇಲೆ ಒಂದು ಕೇಸ್ ಹಾಕೋಣ.

ನಿವೃತ್ತ ಎಂಜಿನಿಯರ್, 1ನೇ ಕ್ರಾಸ್:
ಕಡಿಮೆ ರೇಟು ಅಂದ ಮಾತ್ರಕ್ಕೆ ಕೊಡಲೇಬೇಕು ಅಂತಿಲ್ಲ. ಮೊದಲು ತಾಂತ್ರಿಕ ಬಿಡ್ ತೆರೆಯುತ್ತಾರೆ. ಅದರಲ್ಲಿ ಪಾಸಾದವರದ್ದು ಮಾತ್ರ ಹಣಕಾಸು ಬಿಡ್. ಪೋರ್ಟಲ್‌ನಿಂದ ಟೆಂಡರ್ ದಾಖಲೆ ಇಳಿಸಿಕೊಂಡು ಪೂರ್ತಿ ಓದಿದೆ. ಅನುಭವದ ಪ್ರಮಾಣಪತ್ರಕ್ಕೆ ಕಾರ್ಯಪಾಲಕ ಎಂಜಿನಿಯರ್ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯ ಸಹಿ ಇರಬೇಕು ಅಂತ ಷರತ್ತಿದೆ. ಸ್ಟೇ ತಂದವರ ಪತ್ರಕ್ಕೆ ಸಹಾಯಕ ಎಂಜಿನಿಯರ್ ಸಹಿ ಇತ್ತು, ಅದಕ್ಕೇ ಅನರ್ಹ ಮಾಡಿದೆವು ಅಂತ ಪುರಸಭೆ ಹೇಳುತ್ತದೆ. ಗೆದ್ದವರ ಪತ್ರದಲ್ಲೂ ಅದೇ ದೋಷ ಇತ್ತು, ಅವರದ್ದನ್ನು ಮಾತ್ರ ಒಪ್ಪಿಕೊಂಡರು ಅಂತ ಇವರು ಹೇಳುತ್ತಾರೆ. ಎರಡೂ ಫೈಲು ನೋಡದೆ ನಾವು ಯಾರ ಪರವೂ ಮಾತಾಡುವಂತಿಲ್ಲ.

4ನೇ ಕ್ರಾಸ್, ವಕೀಲರು:
ಎಂಜಿನಿಯರ್ ಸರ್ ಹೇಳಿದ ಎರಡನೇ ಮಾತು ನಿಜವಾದರೆ ಅದು ಗಟ್ಟಿ ವಾದವೇ. ಸುಪ್ರೀಂ ಕೋರ್ಟ್ 1979ರಲ್ಲೇ ರಮಣ ದಯಾರಾಂ ಶೆಟ್ಟಿ ಪ್ರಕರಣದಲ್ಲಿ ಇದನ್ನು ಹೇಳಿದೆ. ಬಾಂಬೆ ವಿಮಾನ ನಿಲ್ದಾಣದ ರೆಸ್ಟೋರೆಂಟ್ ಟೆಂಡರ್ ಅದು. ಇಂಥ ಅರ್ಹತೆ ಬೇಕು ಅಂತ ಪ್ರಾಧಿಕಾರವೇ ಬರೆದು, ಆ ಅರ್ಹತೆ ಇಲ್ಲದವರಿಗೆ ಕೊಟ್ಟಿತ್ತು. ಸರ್ಕಾರಿ ಸಂಸ್ಥೆ ತಾನು ಹಾಕಿದ ಷರತ್ತಿಗೆ ತಾನೂ ಬದ್ಧ ಅಂತ ಕೋರ್ಟ್ ಹೇಳಿತು.

ಆದರೆ ಅದೇ ತೀರ್ಪಿನಲ್ಲಿ ನಮಗೆ ಬೇಕಾದ ಇನ್ನೊಂದು ವಿಷಯ ಇದೆ. ಕೊಟ್ಟಿದ್ದು ತಪ್ಪು ಅಂದ ಮೇಲೂ ಕೋರ್ಟ್ ಆ ಗುತ್ತಿಗೆಯನ್ನು ರದ್ದು ಮಾಡಲಿಲ್ಲ. ಅರ್ಜಿದಾರರು ಬಂದದ್ದು ಐದು ತಿಂಗಳಿಗೂ ಹೆಚ್ಚು ತಡವಾಗಿ. ಅಷ್ಟರಲ್ಲಿ ಗುತ್ತಿಗೆ ಪಡೆದವರು ಹಣ ಖರ್ಚು ಮಾಡಿ ಆಗಿತ್ತು. ಟೆಂಡರ್ ವಿಷಯದಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ನಾವು 47 ದಿನ ಸುಮ್ನೆ ಕೂತಿದ್ದೇ ನನಗೆ ಬೇಸರ.

3ನೇ ಕ್ರಾಸ್, ಕಿರಾಣಿ ಅಂಗಡಿ:
ಹಾಗಾದರೆ ನಾವು ಅಪೀಲು ಹಾಕಬಹುದಾ ಮೇಡಂ?

4ನೇ ಕ್ರಾಸ್, ವಕೀಲರು:
ಇಲ್ಲ ಅಣ್ಣಾ. ನಮ್ಮ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆ, ಎಲ್ಲರೂ ಕೆಟಿಪಿಪಿ ಅಂತಾರಲ್ಲ, ಅದರ 16ನೇ ಕಲಂನಲ್ಲಿ ಅಪೀಲು ಇರುವುದು ಟೆಂಡರ್ ಹಾಕಿದವರಿಗೆ ಮಾತ್ರ. ಅದೂ ಆದೇಶ ಕೈಸೇರಿದ 30 ದಿನದೊಳಗೆ. ನಮಗೆ ಉಳಿಯುವುದು ಹೈಕೋರ್ಟ್. ಅಲ್ಲಿ ಹೊಸ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕಿ ಟೆಂಡರ್ ಸರಿಯೋ ತಪ್ಪೋ ಅಂತ ವಾದಕ್ಕೆ ಇಳಿದರೆ ವರ್ಷ ಕಳೆಯುತ್ತದೆ, ಚರಂಡಿ ಹಾಗೇ ಉಳಿಯುತ್ತದೆ. ಆ ಕಡೆ ನಾವು ಹೋಗಬಾರದು ಅಂತ ನನ್ನ ಅಭಿಪ್ರಾಯ.

ಗುತ್ತಿಗೆದಾರರು ಹಾಕಿ ಈಗ ನಡೆಯುತ್ತಿರುವ ರಿಟ್ ಅರ್ಜಿಯಲ್ಲೇ ನಮ್ಮನ್ನೂ ಪಕ್ಷಗಾರರಾಗಿ ಸೇರಿಸಿಕೊಳ್ಳಿ ಅಂತ ಮಧ್ಯಂತರ ಅರ್ಜಿ ಹಾಕೋಣ. ಜೊತೆಗೆ ಇನ್ನೊಂದು ಅರ್ಜಿ: ಸ್ಟೇಯನ್ನು ಸಡಿಲಿಸಿ, ಅಗೆದಿರುವ ಭಾಗಕ್ಕೆ ಗೋಡೆ ಕಟ್ಟಿ ಸ್ಲ್ಯಾಬ್ ಮುಚ್ಚಲು ಅವಕಾಶ ಕೊಡಿ ಅಂತ. ಯಾರು ಮುಚ್ಚಬೇಕು, ಬಿಲ್ ಯಾರಿಗೆ ಅನ್ನುವುದನ್ನು ಕೋರ್ಟ್ ಹೇಳಲಿ.

ನಿವೃತ್ತ ಎಂಜಿನಿಯರ್, 1ನೇ ಕ್ರಾಸ್:
ಒಪ್ಪುತ್ತಾರಾ ಮೇಡಂ? ಅದಕ್ಕೆ ಆಧಾರ ಏನಾದರೂ ಇದೆಯಾ?

4ನೇ ಕ್ರಾಸ್, ವಕೀಲರು:
ಇದೆ ಸರ್. ಜಗದೀಶ್ ಮಂಡಲ್ ಪ್ರಕರಣದಲ್ಲಿ, ಟೆಂಡರ್ ವಿಷಯಕ್ಕೆ ಕೈ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ ಅಂತ ಸುಪ್ರೀಂ ಕೋರ್ಟ್ ಉಳಿದ ಕೋರ್ಟುಗಳಿಗೆ ಹೇಳಿದೆ. ದುರುದ್ದೇಶ ಅಥವಾ ಮನಸೋಇಚ್ಛೆಯ ತೀರ್ಮಾನ ಇದೆಯಾ? ಸಾರ್ವಜನಿಕರ ಹಿತಕ್ಕೆ ಪೆಟ್ಟು ಬಿದ್ದಿದೆಯಾ? ಎರಡಕ್ಕೂ ಇಲ್ಲ ಅಂತಾದರೆ ಕೈ ಹಾಕಬೇಡಿ ಅಂತ. 2022ರಲ್ಲಿ ಎನ್‌.ಜಿ. ಪ್ರಾಜೆಕ್ಟ್ಸ್ ಪ್ರಕರಣ ಬಂತು, ಜಾರ್ಖಂಡ್‌ನ ಒಂದು ರಸ್ತೆ ಕೆಲಸದ್ದು. ಟೆಂಡರ್ ಕೊಟ್ಟಿದ್ದು ತಪ್ಪು ಅನ್ನಿಸಿದರೂ ಕೆಲಸ ನಿಲ್ಲಿಸುವ ಬದಲು ನಷ್ಟ ಪರಿಹಾರದ ದಾರಿ ತೋರಿಸಿ ಅಂತ ಅದರಲ್ಲಿ ಹೇಳಿದ್ದಾರೆ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆಯಿತು. ಮೂಲಸೌಕರ್ಯದ ಕೆಲಸಕ್ಕೆ ಅಡ್ಡಿಯಾಗುವ ತಡೆಯಾಜ್ಞೆ ಕೊಡಬಾರದು ಅಂತ. ಯಾವ್ಯಾವುದು ಮೂಲಸೌಕರ್ಯ ಅನ್ನುವ ಅದರ ಪಟ್ಟಿಯಲ್ಲಿ ಮಳೆನೀರು ಚರಂಡಿಯ ಹೆಸರೂ ಇದೆ.

ಸ್ಟೇ ಕೊಡುವಾಗ ಕೋರ್ಟಿನ ಮುಂದೆ ಇದ್ದದ್ದು ಇಬ್ಬರು ಗುತ್ತಿಗೆದಾರರು ಮತ್ತು ಪುರಸಭೆ. 22ನೇ ನಂಬರಿನ ಅಜ್ಜಿ ಅಲ್ಲಿರಲಿಲ್ಲ. ಅವರ ವಿಷಯ ಹೇಳುವವರೇ ಇರಲಿಲ್ಲ.

5ನೇ ಕ್ರಾಸ್, ಮೂಲೆ ಮನೆ:
ಒಂದು ವಿಷಯ ಹೇಳಲೇಬೇಕು. ನಿನ್ನೆ ಸಂಜೆ ಸ್ಟೇ ತಂದವರ ಕಡೆಯವರು ಮನೆಗೆ ಬಂದಿದ್ದರು. ನಿವಾಸಿಗಳೂ ಕೇಸ್ ಹಾಕಿ, ವಕೀಲರ ಫೀಸು ನಾವು ಕೊಡುತ್ತೇವೆ ಅಂದರು. ಯೋಚಿಸಿ ಹೇಳುತ್ತೇನೆ ಅಂತ ಕಳಿಸಿದೆ.

ಸಂಘದ ಕಾರ್ಯದರ್ಶಿ:
ಬೇಡ. ಖಂಡಿತ ಬೇಡ. ಹೇಳಿದ್ದಕ್ಕೆ ಧನ್ಯವಾದ ಅಕ್ಕಾ.

4ನೇ ಕ್ರಾಸ್, ವಕೀಲರು:
ಅವರಿಂದ ಒಂದು ಕಪ್ ಚಹಾ ಕೂಡ ಕುಡಿಯಬೇಡಿ. ಸೋತ ಟೆಂಡರ್‌ದಾರರ ವ್ಯಾಪಾರದ ಪೈಪೋಟಿಗೆ ಕೋರ್ಟ್ ಮಣಿಯಬಾರದು ಅಂತ ಜಗದೀಶ್ ಮಂಡಲ್ ತೀರ್ಪಿನಲ್ಲೇ ಇದೆ. ನಾವು ಯಾರದೋ ಮುಖವಾಡ ಅನ್ನಿಸಿದ ದಿನ ನಮ್ಮ ಅರ್ಜಿ ಮುಗಿಯಿತು. ಗೆದ್ದ ಗುತ್ತಿಗೆದಾರರ ಹಣಕ್ಕೂ ಇದೇ ಮಾತು. ಅಫಿಡವಿಟ್‌ನಲ್ಲಿ ನೇರವಾಗಿ ಬರೆಯೋಣ: ಗುತ್ತಿಗೆ ಯಾರಿಗೆ ಹೋಗಬೇಕು ಅನ್ನುವುದರಲ್ಲಿ ನಮಗೆ ಆಸಕ್ತಿ ಇಲ್ಲ, ಖರ್ಚು ನಮ್ಮದೇ ವಂತಿಗೆ.

ಮನೆ ನಂ. 9, 2ನೇ ಕ್ರಾಸ್:
ನನಗೆ ಒಪ್ಪಿಗೆ ಇಲ್ಲ. ಪುರಸಭೆ ನಿಜವಾಗಿಯೂ ತಪ್ಪು ಮಾಡಿದ್ದರೆ? ತೆರಿಗೆ ಕಟ್ಟುವವರು ನಾವು. ಚರಂಡಿ ಮುಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂರುವುದಾ?

ನಿವೃತ್ತ ಎಂಜಿನಿಯರ್, 1ನೇ ಕ್ರಾಸ್:
ನ್ಯಾಯವಾದ ಮಾತು. ಅದಕ್ಕೆ ಬೇರೆ ದಾರಿ ಹಿಡಿಯೋಣ. ತಾಂತ್ರಿಕ ಬಿಡ್ ಪರಿಶೀಲನೆಯ ನಡಾವಳಿ ಪ್ರತಿ ಕೊಡಿ ಅಂತ ನಾಳೆಯೇ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಉದ್ದ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಉತ್ತರಕ್ಕೆ 30 ದಿನ. ಕಾಗದ ಬಂದ ಮೇಲೆ ತಪ್ಪು ಕಂಡರೆ ಲೋಕಾಯುಕ್ತಕ್ಕೆ ಹೋಗೋಣ. ಆ ದೂರಿಗೆ ನನ್ನ ಸಹಿಯೇ ಮೊದಲು ಇರಲಿ.

ಮನೆ ನಂ. 9, 2ನೇ ಕ್ರಾಸ್:
ಹಾಗಾದರೆ ಸರಿ ಸರ್. ಎರಡೂ ಒಟ್ಟಿಗೆ ನಡೆಯಲಿ.

ಸಂಘದ ಕಾರ್ಯದರ್ಶಿ:
ಸ್ಟೇ ಇದ್ದರೂ ಪುರಸಭೆ ತಾತ್ಕಾಲಿಕ ಬೇಲಿ ಹಾಕಬಹುದಲ್ವಾ ಮೇಡಂ?

4ನೇ ಕ್ರಾಸ್, ವಕೀಲರು:
ಆದೇಶದ ಪ್ರತಿ ನೋಡಿದೆ. ನಿಂತಿರುವುದು ಟೆಂಡರ್ ಕೆಲಸ. ಬ್ಯಾರಿಕೇಡ್, ಕೆಂಪು ದೀಪ, ದಾಟಲು ಕಬ್ಬಿಣದ ಹಲಗೆ, ಕಂಬಿಗಳ ತುದಿಗೆ ಮುಚ್ಚಳ ಇವು ಯಾವುದೂ ಅದರಲ್ಲಿ ಬರುವುದಿಲ್ಲ. "ಕೈ ಕಟ್ಟಿದೆ" ಅನ್ನುವ ಉತ್ತರವನ್ನು ಇದಕ್ಕೆ ಒಪ್ಪಬೇಡಿ. ಲಿಖಿತವಾಗಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಜಿಲ್ಲಾಧಿಕಾರಿಗೂ ಒಂದು ಪ್ರತಿ ಹೋಗಲಿ. ಮುದ್ರೆ ಬಿದ್ದ ಆ ಪ್ರತಿಯೂ ನಮ್ಮ ಅರ್ಜಿಗೆ ಬೇಕು.

ಮನೆ ನಂ. 22, 2ನೇ ಕ್ರಾಸ್:
ಅತ್ತೆಯ ಆಸ್ಪತ್ರೆ ಚೀಟಿಗಳನ್ನು ಕೊಡುತ್ತೇನೆ ಮೇಡಂ. ಅವರೇ ಹೇಳಿದರು, ಕೋರ್ಟಿಗೆ ನನ್ನ ಹೆಸರೂ ಹಾಕಿ ಅಂತ.

4ನೇ ಕ್ರಾಸ್, ವಕೀಲರು:
ಕಣ್ಣು ತುಂಬಿ ಬಂತು. ಅಜ್ಜಿಯ ಹೆಸರೇ ಮೊದಲು ಇರಲಿ. ವಕಾಲತ್ತಿಗೆ ಅವರ ಸಹಿ ಬೇಕು, ನಾನೇ ಬರುತ್ತೇನೆ. ಅವರನ್ನು ದಾಟಿಸಬೇಡಿ.

ಸಂಘದ ಕಾರ್ಯದರ್ಶಿ:
ನಾಳೆ ಬೆಳಿಗ್ಗೆ 7ಕ್ಕೆ 2ನೇ ಕ್ರಾಸ್ ತಿರುವಿನಲ್ಲಿ ಸೇರೋಣ. ಎಂಜಿನಿಯರ್ ಸರ್ ಟೇಪ್ ತರುತ್ತಾರೆ. ಪ್ರತಿ ಮನೆ ಮುಂದಿನ ಆಳ, ಅಗಲ ಅಳೆದು, ಟೇಪ್ ಕಾಣುವ ಹಾಗೆ ಫೋಟೋ ತೆಗೆಯಬೇಕು. ಮನೆ ನಂಬರ್ ಫೋಟೋದಲ್ಲಿ ಬೀಳಲಿ. ವಂತಿಗೆ ಮನೆಗೆ 500, ಆಗದವರು ಬಿಡಿ. ಬರುವವರು ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ, ಅಂಚಿನ ಮಣ್ಣು ಸಡಿಲ ಇದೆ.