ನಮ್ಮ ಬೀದಿಯ ಡೆಂಗ್ಯೂ ತಡೆಯಲು ಏನು ಮಾಡೋದು? ಅನುಭವ ಇದ್ದವರು ಹೇಳಿ

ಮದ್ದೂರು ಕಡೆಯವ: ನಮ್ಮ ಬೀದಿಯಲ್ಲಿ 40 ಮನೆ. ನೀರು ಬರುವುದು ಮೂರು ದಿನಕ್ಕೊಮ್ಮೆ, ಎಲ್ಲರ ಮನೆಯಲ್ಲೂ ಡ್ರಮ್ಮು. ಈ ತಿಂಗಳು ನಾಲ್ಕು ಮಕ್ಕಳಿಗೆ ಡೆಂಗ್ಯೂ. ಹುಡುಗರೆಲ್ಲ ಸೇರಿ 18,000 ಒಟ್ಟು ಮಾಡಿದ್ದೇವೆ. ಫಾಗಿಂಗ್ ಮೆಷಿನ್ ತರೋದಾ?

ಪಾಂಡವಪುರದ ಅಪ್ಪ: ತರಬೇಡಿ. ನಾವು ತಂದು ಕೆಟ್ಟೆವು. ಹಳೇ ಮೆಷಿನ್ನಿಗೆ 14,500, ವಾರಕ್ಕೆ ಎಣ್ಣೆ, ಔಷಧಿ ಅಂತ 1,100, ಎರಡು ಸಲ ರಿಪೇರಿಗೆ 2,300. ರಾತ್ರಿ ಎಂಟಕ್ಕೆ ಹೊಗೆ ಬಿಡುತ್ತಿದ್ದೆವು, ಈ ಸೊಳ್ಳೆ ಕಚ್ಚುವುದು ಹಗಲು. ಹಾರುವ ಸೊಳ್ಳೆ ಸತ್ತರೂ ಡ್ರಮ್ಮಿನೊಳಗಿನ ಹುಳಕ್ಕೆ ಏನೂ ಆಗಲ್ಲ. ಅದೇ ತಿಂಗಳು ನನ್ನ ಮಗಳೇ ಮಲಗಿದಳು. ಐದು ದಿನ ಆಸ್ಪತ್ರೆ, 31,000. ಈಗಲೂ ಹೊಟ್ಟೆ ಉರಿಯುತ್ತದೆ.

ಮಳವಳ್ಳಿ ರೈತ: ಗಪ್ಪಿ ಮೀನು ಬಿಡಿ, ಹುಳ ತಿಂದು ಹಾಕುತ್ತವೆ. ನಾವು ಮೊದಲು ತಂದ 200ರಲ್ಲಿ ಅರ್ಧ ಸತ್ತವು, ಯಾರೋ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿದಿದ್ದರು. ಉಳಿದವು ಮರಿ ಹಾಕಿ ಈಗ ಇಡೀ ಊರಿಗೆ ಹಂಚುತ್ತೇವೆ.

ಮೈಸೂರಿನ ಆಶಾ ಕಾರ್ಯಕರ್ತೆ: ಅಣ್ಣ, ಕುಡಿಯೋ ನೀರಿನ ಡ್ರಮ್ಮಿಗೆ ಮೀನು ಬಿಟ್ಟರೆ ಯಾವ ಮನೆಯವರು ಒಪ್ಪುತ್ತಾರೆ? ನಾನು ಪ್ರತಿ ಶುಕ್ರವಾರ ಮನೆಮನೆಗೆ ಹೋಗಿ ಪಾತ್ರೆ ಖಾಲಿ ಮಾಡಿಸುತ್ತೇನೆ. ಮೊಟ್ಟೆ ಸೊಳ್ಳೆ ಆಗಲು ಎಂಟು ಹತ್ತು ದಿನ ಬೇಕು, ಅಷ್ಟರೊಳಗೆ ಒಮ್ಮೆ ಚೆಲ್ಲಿದರೆ ಸಾಕು. ಸುಮ್ನೆ ಚೆಲ್ಲಿದರೆ ಸಾಲದು, ಒಳಗೋಡೆ ಉಜ್ಜಲೇಬೇಕು. ಅಲ್ಲಿ ಅಂಟಿದ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಇರುತ್ತದೆ. ಹನ್ನೊಂದು ಮನೆಯವರು ನನ್ನ ಮುಖಕ್ಕೇ ಬಾಗಿಲು ಹಾಕಿದರು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ 2024ರಿಂದ ಹಳ್ಳಿಯಲ್ಲಿ 200, ಪಟ್ಟಣದಲ್ಲಿ 400 ದಂಡ ಇದೆ, ಅಂಥವರಿಗೆ ಹಾಕಿಸಿ.

ಮಳವಳ್ಳಿ ರೈತ: ದಂಡವಾ? ನಿಮಗೆ ದಿನಾ ನಲ್ಲಿ ನೀರು ಬರುತ್ತದೆ ಅಕ್ಕ. ಮೂರು ದಿನ ಕಾದು ತುಂಬಿಸಿದ್ದನ್ನು ಚೆಲ್ಲು ಅಂತ ನಮ್ಮ ತಾಯಿಗೆ ಹೇಳಿ ನೋಡಿ.

ಆಶಾ ಕಾರ್ಯಕರ್ತೆ: ದಿನಾ ಬರುತ್ತದೆ ಅಂತ ಯಾರು ಹೇಳಿದರು? ನಮ್ಮ ಓಣಿಗೂ ದಿನ ಬಿಟ್ಟು ದಿನವೇ. ನೀರು ತಳ ಕಂಡ ದಿನ ಉಜ್ಜಿ. ತುಂಬಿದ ಮೇಲೆ ಹಳೇ ಪಂಚೆ ಬಿಗಿಯಾಗಿ ಕಟ್ಟಿ. ಅದಕ್ಕೇನು ಖರ್ಚು?

ಪಾಂಡವಪುರದ ಅಪ್ಪ: ಎಳನೀರು ಬುರುಡೆ ಯಾರೂ ಹೇಳಲಿಲ್ಲ. ಮದ್ದೂರಲ್ಲಿ ಅದೇ ರಾಶಿ ಇರುತ್ತದೆ, ಮಳೆ ಬಂದರೆ ಒಂದೊಂದರಲ್ಲೂ ಸೊಳ್ಳೆ. ಕಡಿದು ಬೋರಲು ಹಾಕಿಸಿ. ಮಗಳಿಗೆ ಪಪ್ಪಾಯ ಎಲೆ ರಸ ಕುಡಿಸಿಯೇ ಪ್ಲೇಟ್‌ಲೆಟ್ ಏರಿತು, ಅದನ್ನೂ ಬರೆದುಕೊಳ್ಳಿ.

ಆಶಾ ಕಾರ್ಯಕರ್ತೆ: ರಸ ನಂಬಿ ಆಸ್ಪತ್ರೆಗೆ ತಡ ಮಾಡಿದವರನ್ನು ನಾನು ನೋಡಿದ್ದೇನೆ ಸಾರ್. ಜ್ವರ ಇಳಿದ ಮೇಲೂ ಹೊಟ್ಟೆ ನೋವು, ವಾಂತಿ ಇದ್ದರೆ ಕೂಡಲೇ ಓಡಬೇಕು. ದಯವಿಟ್ಟು ಇಂಥದ್ದು ಬರೆಯಬೇಡಿ.

ಪಾಂಡವಪುರದ ಅಪ್ಪ: ಐದು ದಿನ ಆಸ್ಪತ್ರೆಯಲ್ಲೇ ಇದ್ದೆವು ಅಂತ ಮೇಲೆ ಬರೆದಿದ್ದೇನೆ. ಮೊದಲು ಓದಿ.