ಮೇಲ್ಸೇತುವೆ ಬಂದರೆ ಎದೆ ಡವಡವ: ಓದುಗರ ಸ್ಪಂದನ

ಸಮಸ್ಯೆ: ನನಗೆ 34 ವರ್ಷ. ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಎಂಟು ತಿಂಗಳ ಹಿಂದೆ ಪೀಣ್ಯದ ಮೇಲ್ಸೇತುವೆಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು ನಿಂತಿದ್ದಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಕಟ್ಟಿತು, ಬೆರಳುಗಳು ಜೋಮು ಹಿಡಿದವು, ಸತ್ತೇ ಹೋಗುತ್ತೇನೆ ಅನ್ನಿಸಿತು. ಆಸ್ಪತ್ರೆಯಲ್ಲಿ ಇಸಿಜಿ, ಎಕೊ ಎರಡನ್ನೂ ಮಾಡಿ ಹೃದಯ ಚೆನ್ನಾಗಿದೆ ಎಂದರು. ಆದರೂ ಈಗ ನೆಲಮಂಗಲ ದಾಟುತ್ತಿದ್ದಂತೆ ಅಂಗೈ ಬೆವರುತ್ತದೆ. ವಾರಕ್ಕೆ ಎರಡು ದಿನವಾದರೂ ಅರ್ಧ ದಾರಿಯಲ್ಲೇ ಇಳಿದು ಮನೆಗೆ ವಾಪಸಾಗುತ್ತೇನೆ. ರಜೆಗಳೆಲ್ಲ ಮುಗಿದಿವೆ. ನಮ್ಮ ಯಜಮಾನರು ‘ಸುಮ್ಮನೆ ಏನೇನೋ ಯೋಚಿಸುತ್ತೀಯ’ ಎನ್ನುತ್ತಾರೆ, ಅತ್ತೆಯವರು ಯಂತ್ರ ಕಟ್ಟಿಸಿದ್ದಾರೆ. ಕೆಲಸ ಬಿಟ್ಟುಬಿಡಲೇ?

ಪಂಕ್ತಿಯಿಂದ ಎದ್ದು ಓಡಿದವಳು ನಾನು

ತಂಗಿ, ನಿಮಗೆ ಮೇಲ್ಸೇತುವೆ, ನನಗೆ ಮದುವೆಮನೆಯ ಪಂಕ್ತಿ. ಎಲೆ ಹಾಕಿ, ಉಪ್ಪು, ಕೋಸಂಬರಿ, ಪಲ್ಯ ಬಡಿಸಿ, ಎರಡೂ ಪಕ್ಕದಲ್ಲಿ ನಂಟರು ಕುಳಿತ ಮೇಲೆ ನಡುವೆ ಎದ್ದು ಹೋಗುವ ಹಾಗಿಲ್ಲವಲ್ಲ, ಆ ‘ಹಾಗಿಲ್ಲ’ ಎಂಬುದೇ ನನ್ನ ಗಂಟಲು ಹಿಡಿಯುತ್ತಿತ್ತು. ಅಕ್ಕನ ಮಗನ ಮದುವೆಯಲ್ಲಿ ಸಾರು ಬರುವಷ್ಟರಲ್ಲಿ ಎದೆ ಡವಗುಟ್ಟಿ, ಕಣ್ಣು ಕತ್ತಲಿಟ್ಟು, ಎಲೆ ಬಿಟ್ಟು ಓಡಿದೆ. ಬೀಗರ ಕಡೆಯವರು ಏನೆಂದುಕೊಂಡರೋ ದೇವರೇ ಬಲ್ಲ. ಛತ್ರದ ಹೊರಗೆ ಗಾಳಿಗೆ ನಿಂತ ಎರಡು ನಿಮಿಷಕ್ಕೆ ಎಲ್ಲವೂ ಸರಿಹೋಯಿತು. ಆ ಎರಡು ನಿಮಿಷದ ನೆಮ್ಮದಿಯೇ ಮುಂದಿನ ಮೂರು ವರ್ಷ ನನ್ನನ್ನು ಕೆಡಿಸಿದ್ದು. ಎದ್ದು ಬಂದದ್ದರಿಂದಲೇ ಬದುಕಿದೆ ಎಂದು ನನ್ನ ಮೈ ನಂಬಿಬಿಟ್ಟಿತು.

ಆಮೇಲೆ ಪಂಕ್ತಿ ತಪ್ಪಿಸಿ ಬಫೆ ಇರುವ ಮದುವೆಗಳಿಗೆ ಮಾತ್ರ ಹೋದೆ. ಆರು ತಿಂಗಳಲ್ಲಿ ಬಫೆಯ ಸಾಲಿನಲ್ಲಿ ನಿಲ್ಲುವುದೂ ಕಷ್ಟವಾಯಿತು. ಮುಂದೆ ದೇವಸ್ಥಾನದ ಸರದಿ, ಕೊನೆಗೆ ಶಾಲೆಯ ಶಿಕ್ಷಕರ ಸಭೆ. ಒಂದು ಕಡೆಯಿಂದ ತಪ್ಪಿಸಿಕೊಂಡರೆ ಇನ್ನೊಂದು ಕಡೆ ಕಾಯುತ್ತಿರುತ್ತಿತ್ತು. ಮೈಸೂರಿನಲ್ಲಿ ನಾನು ಕಂಡ ಆಪ್ತಸಮಾಲೋಚಕಿ ಮೊದಲ ದಿನವೇ ಕೇಳಿದರು: ‘ನೀವು ಏಳದೆ ಕುಳಿತೇ ಇದ್ದಿದ್ದರೆ ಅದು ಎಷ್ಟು ಹೊತ್ತು ಇರುತ್ತಿತ್ತು?’ ನನ್ನ ಬಳಿ ಉತ್ತರ ಇರಲಿಲ್ಲ. ಒಮ್ಮೆಯೂ ಕುಳಿತು ನೋಡಿದವಳಲ್ಲ.

ಅವರು ಮಾಡಿಸಿದ್ದು ಇಷ್ಟು. ಮೊದಲು ಮನೆಯವರೊಂದಿಗೆ ಹೋಟೆಲಿನಲ್ಲಿ ಗೋಡೆಯ ಕಡೆಯ ಕುರ್ಚಿಯಲ್ಲಿ ಕುಳಿತು ಊಟ. ಆಮೇಲೆ ಗೃಹಪ್ರವೇಶವೊಂದರಲ್ಲಿ ಕೊನೆಯ ಪಂಕ್ತಿ, ಕೊನೆಯ ಎಲೆ, ಅದೂ ಸಾರಿನವರೆಗೆ ಮಾತ್ರ. ಅಲ್ಲಿಗೇ ಏಳಬಹುದು, ಆದರೆ ಅದಕ್ಕಿಂತ ಮೊದಲು ಏಳುವಂತಿಲ್ಲ. ಮುಂದಿನ ಸಲ ಪಾಯಸದವರೆಗೆ. ಮಜ್ಜಿಗೆ ಮುಟ್ಟಲು ನನಗೆ ಐದು ಸಮಾರಂಭ ಬೇಕಾಯಿತು. ನಡುವೆ ಎದೆ ಹೊಡೆದುಕೊಳ್ಳಲಿಲ್ಲವೆಂದಲ್ಲ. ಹೊಡೆದುಕೊಂಡಿತು, ಏರಿತು, ನಾನು ಕುಳಿತೇ ಇದ್ದೆ, ಇಳಿಯಿತು. ಕುಳಿತಲ್ಲೇ ಅದು ಇಳಿದುದನ್ನು ಮೊದಲ ಬಾರಿ ಕಂಡ ದಿನ ಪಕ್ಕದ ಎಲೆಯ ಅಪರಿಚಿತ ಅಜ್ಜಿಗೆ ನನ್ನ ಹೋಳಿಗೆ ಕೊಟ್ಟುಬಿಟ್ಟೆ.

ನೀವೂ ಹಾಗೆಯೇ ಕಟ್ಟಿಕೊಳ್ಳಿ. ಬಸ್ಸು ಹತ್ತುವ ಮೊದಲೇ ಇಂದು ಎಲ್ಲಿಯವರೆಗೆ ಎಂದು ತೀರ್ಮಾನವಾಗಿರಲಿ. ರಜೆಯ ದಿನ ಗೆಳತಿಯೊಬ್ಬರೊಂದಿಗೆ ಮಾದಾವರದವರೆಗೆ. ನಾಲ್ಕು ಸಲ ಅದಾದ ಮೇಲೆ ಭಾನುವಾರ ಬೆಳಿಗ್ಗೆ, ವಾಹನಗಳು ಕಡಿಮೆ ಇರುವಾಗ, ಮೇಲ್ಸೇತುವೆ ದಾಟಿ ಗೊರಗುಂಟೆಪಾಳ್ಯಕ್ಕೆ. ಆಮೇಲೆ ಒಬ್ಬರೇ. ಕೆಲಸದ ದಿನ ಕಟ್ಟಕಡೆಗೆ. ಶಕ್ತಿ ಯೋಜನೆ ಬಂದ ಮೇಲೆ ನಮಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲವಲ್ಲ, ಅಭ್ಯಾಸಕ್ಕೆ ಎಷ್ಟು ಸಲ ಬೇಕಾದರೂ ಓಡಾಡಿ. ಮಾದಾವರದಲ್ಲಿ ಇಳಿದು ಮೆಟ್ರೊ ಹಿಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅನುಕೂಲಕ್ಕಾದರೆ ಹಿಡಿಯಿರಿ, ಸೇತುವೆಯಿಂದ ತಪ್ಪಿಸಿಕೊಳ್ಳಲು ಬೇಡ. ನನ್ನ ಬಫೆಯ ಕಥೆ ಹೇಳಿದೆನಲ್ಲ.
— ಪ್ರೌಢಶಾಲಾ ಶಿಕ್ಷಕಿ, ಅರಸೀಕೆರೆ

ಯಜಮಾನರಿಗೆ ಎರಡು ಮಾತು

ಸೋದರಿ, ಈ ಪತ್ರವನ್ನು ನಿಮ್ಮ ಪತಿಯ ಕೈಗೆ ಕೊಡಿ. ಸ್ವಾಮಿ, ನಾನೂ ನನ್ನ ಹೆಂಡತಿಗೆ ‘ಧೈರ್ಯ ತಂದುಕೋ’ ಎಂದು ಒಂದು ವರ್ಷ ಹೇಳಿದೆ. ಅಂಗಡಿಯಿಂದ ತರಬಹುದಾದ ಸಾಮಾನಾಗಿದ್ದರೆ ಅವಳು ಎಂದೋ ತರುತ್ತಿದ್ದಳು. ಬೈದು ಸಾಕಾದ ಮೇಲೆ ನಾನು ತದ್ವಿರುದ್ಧವಾದೆ. ತರಕಾರಿಗೆ, ಬ್ಯಾಂಕಿಗೆ, ತವರಿಗೆ, ಎಲ್ಲಿಗೆಂದರೆ ಅಲ್ಲಿಗೆ ಸ್ಕೂಟರಿನಲ್ಲಿ ಕರೆದೊಯ್ದೆ. ಒಳ್ಳೆಯ ಗಂಡ ಎಂದು ಬೀದಿಯವರೆಲ್ಲ ಹೊಗಳಿದರು. ಅವಳು ಮಾತ್ರ ಒಬ್ಬಳೇ ಗೇಟು ದಾಟದಂತಾದಳು. ಮನೋವೈದ್ಯರು ನನ್ನನ್ನು ಒಳಗೆ ಕರೆದು, ನಿಮ್ಮ ಸ್ಕೂಟರಿಗೆ ಸ್ವಲ್ಪ ವಿಶ್ರಾಂತಿ ಕೊಡಿ ಎಂದರು.

ಈಗ ನಾನು ಮಾಡುವುದು ಕಡಿಮೆ. ಅವಳು ಹೊರಟಾಗ ‘ಹುಷಾರು’ ಎನ್ನುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡುವುದಿಲ್ಲ. ಬಂದ ಮೇಲೆ ‘ಏನೂ ಆಗಲಿಲ್ಲ ತಾನೆ’ ಎಂದು ಕೇಳದೆ, ಮಾರುಕಟ್ಟೆಯಲ್ಲಿ ಬದನೆ ಎಷ್ಟು ಎಂದು ಕೇಳುತ್ತೇನೆ. ಇದನ್ನು ಕಲಿಯುವುದು ನನಗೆ ಅವಳಷ್ಟೇ ಕಷ್ಟವಾಯಿತು.
— ಜವಳಿ ವ್ಯಾಪಾರಿ, ದಾವಣಗೆರೆ

ಕಾಫಿ ಎಷ್ಟು ಲೋಟ?

ಮಗಳೇ, ಬೆಳಗಿನ ಬಸ್ಸು ಹಿಡಿಯುವ ಆತುರದಲ್ಲಿ ತಿಂಡಿ ಬಿಟ್ಟು ಬರೀ ಹೊಟ್ಟೆಗೆ ಕಾಫಿ ಕುಡಿದು ಹೊರಡುತ್ತೀಯಾ? ನಾನು ಕಾಫಿ ಸೀಮೆಯವಳು, ಕಾಫಿಯನ್ನು ದೂರುವವಳಲ್ಲ. ಆದರೂ ಗಟ್ಟಿ ಡಿಕಾಕ್ಷನ್ನಿನ ಮೂರು ಲೋಟ ಇಳಿದರೆ ನನ್ನ ಎದೆಯೂ ಕಾರಣವಿಲ್ಲದೆ ಓಡುತ್ತದೆ, ಕೈ ನಡುಗುತ್ತದೆ. ಒಂದು ಲೋಟಕ್ಕೆ ಇಳಿಸಿ, ಎರಡು ಇಡ್ಲಿ ತಿಂದು ಹೊರಡು. ಅತ್ತೆ ಕಟ್ಟಿಸಿದ ಯಂತ್ರ ಕೊರಳಲ್ಲಿ ಇರಲಿ ಬಿಡು, ಅವರ ಮನಸ್ಸಿಗೂ ಸಮಾಧಾನ. ಅದರ ಜೊತೆಗೆ ಡಾಕ್ಟರನ್ನೂ ಕಾಣು.
— ಗೃಹಿಣಿ, ಸಕಲೇಶಪುರ

ಇದು ನಾಟಕವಲ್ಲ

ಬರೆದಿರುವ ಲಕ್ಷಣಗಳು ಪ್ಯಾನಿಕ್ ಅಟ್ಯಾಕ್ ಎಂದು ಕರೆಯುವ ತೀವ್ರ ಗಾಬರಿಯನ್ನು ಹೋಲುತ್ತವೆ. ಎದುರಿಗೆ ಹಾವು ಕಂಡರೆ ಮೈಯಲ್ಲಿ ಅಡ್ರಿನಲಿನ್ ನುಗ್ಗಿ, ಹೃದಯ ವೇಗ ಹೆಚ್ಚಿಸಿ, ಕಾಲಿಗೆ ರಕ್ತ ಹರಿಸಿ ಓಡಲು ಸಿದ್ಧಮಾಡುತ್ತದೆ. ಹಾವೇ ಇಲ್ಲದಾಗ ಅದೇ ಏರ್ಪಾಟು ನಡೆದರೆ ಹೀಗಾಗುತ್ತದೆ. ಬೆರಳು ಜೋಮು ಹಿಡಿಯುವುದು ಉಸಿರಾಟ ಸಾಲದೆ ಅಲ್ಲ, ಅತಿಯಾಗಿ. ವೇಗವಾಗಿ ಉಸಿರೆಳೆದು ಬಿಟ್ಟಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಜೋಮು, ತಲೆ ಹಗುರವಾದ ಅನುಭವ ಬರುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ದೊಡ್ಡದಾಗಿ ಉಸಿರೆಳೆದುಕೊಳ್ಳಬೇಡಿ. ಮೂಗಿನಿಂದ ಮೆಲ್ಲನೆ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ಸಾಮಾನ್ಯವಾಗಿ ಈ ಗಾಬರಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ.

ಹೃದಯದ ಪರೀಕ್ಷೆ ಆಗಿದೆ, ಒಳ್ಳೆಯದು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್ ಹೆಚ್ಚಾದರೂ, ರಕ್ತಹೀನತೆ ಇದ್ದರೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ಮುಂದೆ ಮೆಟ್ಟಿಲು ಹತ್ತುವಾಗ ಎದೆನೋವು ಬಂದರೆ ಅದನ್ನು ಗಾಬರಿ ಎಂದು ತಳ್ಳಿಹಾಕಬೇಡಿ.

ಮಾತ್ರೆಯ ಭಯ ಹಲವರಿಗಿದೆ. ಆತಂಕಕ್ಕೆ ದಿನವೂ ಕೊಡುವ ಮುಖ್ಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಆದರೆ ಅವುಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ನಾಲ್ಕನೇ ದಿನಕ್ಕೇ ‘ಪ್ರಯೋಜನವಿಲ್ಲ’ ಎಂದು ಬಿಟ್ಟು ಬರುವವರೇ ನನ್ನ ಬಳಿ ಹೆಚ್ಚು. ಚಟವಾಗಬಲ್ಲವು ನುಂಗಿದ ಅರ್ಧ ಗಂಟೆಗೇ ನೆಮ್ಮದಿ ಕೊಡುವ ಮಾತ್ರೆಗಳು. ಪಕ್ಕದ ಮನೆಯವರ ಚೀಟಿ ತೋರಿಸಿ ಅವನ್ನು ತಂದುಕೊಳ್ಳಬೇಡಿ, ಯಾವುದನ್ನೂ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.

ಎಲ್ಲಿಂದ ಶುರು ಮಾಡುವುದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೂ ನೇರವಾಗಿ ಹೋಗಬಹುದು.
— ಸರ್ಕಾರಿ ವೈದ್ಯ, ಮಂಡ್ಯ ಜಿಲ್ಲೆ

ಇದೇ ದಾರಿಯ ನಿರ್ವಾಹಕ

ಅಮ್ಮ, ನಾನು ನಿವೃತ್ತ ಬಸ್ ನಿರ್ವಾಹಕ. ಬಹುಪಾಲು ಸೇವೆ ಈ ತುಮಕೂರು ರಸ್ತೆಯಲ್ಲೇ ಕಳೆಯಿತು. ನಿಮ್ಮಂಥವರು ವಾರಕ್ಕೊಬ್ಬರಾದರೂ ಸಿಗುತ್ತಿದ್ದರು. ‘ಇಲ್ಲೇ ನಿಲ್ಲಿಸಿ, ಇಳಿಯಬೇಕು’ ಎನ್ನುವಾಗ ಮುಖ ಬಿಳಿಚಿರುತ್ತಿತ್ತು. ಮೊದಮೊದಲು ‘ಇಲ್ಲಿ ಸ್ಟಾಪ್ ಇಲ್ಲ’ ಎಂದು ಗದರಿದ್ದೇನೆ, ಈಗ ನೆನೆದರೆ ಬೇಸರವಾಗುತ್ತದೆ.

ಒಮ್ಮೆ ಕಾಲೇಜು ಹುಡುಗನೊಬ್ಬ ಮೇಲ್ಸೇತುವೆಯ ನಟ್ಟನಡುವೆ ಬಾಗಿಲ ಬಳಿ ಬಂದು ಬೆವರುತ್ತಾ ನಿಂತ. ಅಲ್ಲಿ ನಿಲ್ಲಿಸಲಾಗದು. ಏನು ಮಾಡುವುದೆಂದು ತೋಚದೆ ನನ್ನ ಸೀಟಿನಲ್ಲಿ ಕೂರಿಸಿ, ಚೀಲದ ಚಿಲ್ಲರೆಯನ್ನೆಲ್ಲ ಅವನ ತೊಡೆಯ ಮೇಲಿನ ಕರವಸ್ತ್ರಕ್ಕೆ ಸುರಿದು, ‘ಒಂದು, ಎರಡು, ಐದು ರೂಪಾಯಿ ಬೇರೆ ಮಾಡಿಕೊಡಪ್ಪ’ ಎಂದೆ. ನಡುಗುವ ಕೈಯಲ್ಲೇ ಶುರು ಮಾಡಿದ. ಎರಡು ಸಲ ಲೆಕ್ಕ ತಪ್ಪಿದ. ಗೊರಗುಂಟೆಪಾಳ್ಯ ಬಂದಾಗ ನಾನೇ ಎಬ್ಬಿಸಬೇಕಾಯಿತು. ‘ತಾಳಿ ಸಾರ್, ಐದರದು ಮುಗಿದಿಲ್ಲ’ ಎಂದ.

ಹತ್ತಿದ ಕೂಡಲೇ ನಿರ್ವಾಹಕನಿಗೆ ‘ಸೇತುವೆಯಲ್ಲಿ ನನಗೆ ಸ್ವಲ್ಪ ಗಾಬರಿಯಾಗುತ್ತದೆ’ ಎಂದು ಹೇಳಿ. ಇದರಲ್ಲಿ ನಾಚಿಕೆಯೇನೂ ಇಲ್ಲ, ಬಸ್ಸಿನಲ್ಲಿ ವಾಂತಿ ಮಾಡುವವರನ್ನೇ ನೋಡಿಕೊಂಡವರು ನಾವು. ಶೂನ್ಯ ಟಿಕೆಟ್ ಪಡೆಯುವಾಗ ಎಲ್ಲಿಗೆ ಎಂದು ಕೇಳುತ್ತಾರೆ. ಇನ್ನು ಮೇಲೆ ಕೆಲಸದ ದಿನ ನೆಲಮಂಗಲ ಎನ್ನಬೇಡಿ, ಯಶವಂತಪುರ ಎಂದೇ ಕೇಳಿ.
— ನಿವೃತ್ತ ಬಸ್ ನಿರ್ವಾಹಕ, ಶಿರಾ