ಪದಚರ್ಚೆ: ಫುಟ್‌ಬಾಲ್‌ನ ‘ವಿಂಗರ್’ಗೆ ಬದಿಯಾಟಗಾರ ಎನ್ನಬಹುದೇ?

ಗೆಳೆಯರಿಗೆಲ್ಲ ನಮಸ್ಕಾರ.

ಜರ್ಮನಿಯ ಯುವ ಫುಟ್‌ಬಾಲ್ ಆಟಗಾರ ಕರೀಮ್ ಅಡೆಯೆಮಿ ಅವರನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಮೈದಾನದ ಎಡ ಅಥವಾ ಬಲ ತುದಿಯ ಉದ್ದಕ್ಕೂ ಓಡುತ್ತ ದಾಳಿ ಮಾಡುವುದು ಅವರ ಆಟ. ಆ ಸ್ಥಾನದ ಹೆಸರು ಬಂದಲ್ಲೆಲ್ಲ ಬರವಣಿಗೆ ಮುಗ್ಗರಿಸುತ್ತಿದೆ. ನಮ್ಮ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ‘ವಿಂಗರ್’ ಎಂದೇ ಅಚ್ಚಾಗುತ್ತದೆ. ಆಟವನ್ನು ಬಲ್ಲವರಿಗೆ ಅಷ್ಟೇ ಸಾಕು. ಆದರೆ ಗೋಲ್‌ಕೀಪರ್ ಎಂದರೆ ಗೋಲು ಕಾಯುವವರು ಎಂದು ಒಂದು ಪಂದ್ಯ ನೋಡಿದ ಮಗುವಿಗೂ ತಿಳಿಯುತ್ತದೆ, ವಿಂಗರ್ ಎಂಬ ಪದ ಆ ಮಗುವಿಗೆ ಏನನ್ನೂ ಹೇಳುವುದಿಲ್ಲ.

ಮೊದಲು ನಿಘಂಟಿನ ದಾರಿ ನೋಡೋಣ. ‘ಲೆಫ್ಟ್ ವಿಂಗರ್’ ಎಂದು ಹುಡುಕಿದರೆ ಎದುರಾಗುವುದು ‘ಎಡಪಂಥೀಯ’. 1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ಯಾರು ಯಾವ ಕಡೆ ಕುಳಿತರು ಎಂಬುದರಿಂದ ಹುಟ್ಟಿದ ಎಡ–ಬಲಗಳಿಗೆ ನಾವು ‘ಪಂಥ’ವನ್ನು ಸೇರಿಸಿಕೊಂಡೆವು. ಪಂಥವೆಂದರೆ ನಮಗೆ ಹಾದಿ, ಮತ, ಪಂಥ ಕಟ್ಟಿದರೆ ಸವಾಲು ಕೂಡ. ಮೈದಾನದ ಜಾಗವನ್ನು ಅದು ಎಂದೂ ಸೂಚಿಸಿಲ್ಲ. ಹೀಗಾಗಿ ಯಂತ್ರಾನುವಾದವನ್ನು ನೆಚ್ಚಿಕೊಂಡ ಯಾರಾದರೂ ಅಡೆಯೆಮಿ ಅವರನ್ನು ಎಡಪಂಥೀಯರನ್ನಾಗಿ ಮಾಡಿಬಿಡುವ ಅಪಾಯ ನಿಜವಾಗಿಯೂ ಇದೆ.

ಜರ್ಮನ್ ಭಾಷೆ ಏನು ಮಾಡಿದೆ ಎಂಬುದು ಇಲ್ಲಿ ಉಪಯುಕ್ತ. ಅಲ್ಲಿ ಎರಡು ಬಗೆಯ ಪದಗಳಿವೆ. ಒಂದು ‘ಫ್ಲ್ಯೂಗೆಲ್‌ಷ್ಪೀಲರ್’, ಅಂದರೆ ರೆಕ್ಕೆಯ ಆಟಗಾರ. ಇನ್ನೊಂದು ಹಳೆಯ ‘ಲಿಂಕ್ಸ್‌ಔಸ್ಸನ್’, ‘ರೆಖ್ಟ್ಸ್‌ಔಸ್ಸನ್’: ಎಡಹೊರಗು, ಬಲಹೊರಗು. ಈ ಎರಡನೆಯ ಜೋಡಿಯನ್ನು ಜರ್ಮನ್ನರು ರಾಜಕೀಯದಲ್ಲಿ ತೀವ್ರ ಎಡ, ತೀವ್ರ ಬಲ ಎಂಬ ಅರ್ಥದಲ್ಲಿಯೂ ಬಳಸುತ್ತಾರೆ. ಒಂದೇ ಪದ ಎರಡೂ ಕಡೆ ದುಡಿಯುತ್ತದೆ, ಸಂದರ್ಭ ನೋಡಿ ಓದುಗರು ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿಯೂ ಹಾಕಿ ಮತ್ತು ಫುಟ್‌ಬಾಲ್ ಮೈದಾನಗಳಲ್ಲಿ ಹಿಂದೆ ಕೇಳಿಬರುತ್ತಿದ್ದುದು ‘ಲೆಫ್ಟ್ ಔಟ್’, ‘ರೈಟ್ ಔಟ್’ ಎಂಬುದೇ. ಐವರು ಸಾಲಾಗಿ ಮುಂದೆ ನಿಲ್ಲುತ್ತಿದ್ದ ಕಾಲದಲ್ಲಿ ಎರಡು ತುದಿಗಳಲ್ಲಿ ಇರುತ್ತಿದ್ದವರು ಇವರು. ಆ ಪದ್ಧತಿ ಹೋಯಿತು, ಹೊರಗಿನವರು ಎಂಬ ಕಲ್ಪನೆ ಮಾತ್ರ ಉಳಿಯಿತು. ಕನ್ನಡದಲ್ಲಿ ‘ಎಡ ಹೊರಗಿನ ಆಟಗಾರ’ ಎಂದು ಬರೆದು ನೋಡಿದೆ. ತಂಡದಿಂದ ಹೊರಗಿಟ್ಟವರಂತೆ ಕೇಳುತ್ತದೆ.

ಇನ್ನು ರೆಕ್ಕೆ. ಹಳಗನ್ನಡದ ಎಱಕೆ, ಎಱಂಕೆಗಳಿಂದ ಬಂದ ಈ ಪದ ನನಗೆ ಬಹಳ ಇಷ್ಟ, ಆದರೂ ಇಲ್ಲಿ ಒಪ್ಪಲಾರೆ. ಇಂಗ್ಲಿಷಿನ ವಿಂಗ್ ಹಕ್ಕಿಯಿಂದ ಸೇನೆಗೆ, ಕಟ್ಟಡಕ್ಕೆ, ರಾಜಕೀಯಕ್ಕೆ, ಮೈದಾನಕ್ಕೆ ಹಬ್ಬಿತು. ನಮ್ಮ ರೆಕ್ಕೆ ಹಕ್ಕಿ, ಚಿಟ್ಟೆ, ವಿಮಾನಗಳಲ್ಲೇ ನಿಂತಿತು. ಕಟ್ಟಡದ ಒಂದು ಭಾಗವನ್ನು ನಾವು ರೆಕ್ಕೆ ಎನ್ನುವುದಿಲ್ಲ, ಪಕ್ಷದ ಮಹಿಳಾ ವಿಂಗ್ ನಮಗೆ ‘ಮಹಿಳಾ ಘಟಕ’. ಸಂಸ್ಕೃತದಲ್ಲಿ ‘ಪಕ್ಷ’ ಈ ಎಲ್ಲ ಕೆಲಸ ಮಾಡುತ್ತಿತ್ತು: ಹಕ್ಕಿಯ ರೆಕ್ಕೆಯೂ ಅದೇ, ಸೇನಾವ್ಯೂಹದ ಎರಡು ಕಡೆಗಳೂ ಅದೇ. ಆದರೆ ಇಂದು ಪಕ್ಷವೆಂದರೆ ಚುನಾವಣೆಯ ಪಕ್ಷ, ಇಲ್ಲವೇ ಹದಿನೈದು ದಿನಗಳ ಪಕ್ಷ. ಆ ಬಾಗಿಲು ಮುಚ್ಚಿದೆ.

‘ಪಾರ್ಶ್ವ ಆಟಗಾರ’ ಎಂಬ ಸಲಹೆ ಒಬ್ಬ ಹಿರಿಯರಿಂದ ಬಂತು. ಶಾಸ್ತ್ರೀಯವಾಗಿ ಸರಿ. ಆದರೆ ಕನ್ನಡ ಓದುಗರ ಕಿವಿಯಲ್ಲಿ ಪಾರ್ಶ್ವದ ಹಿಂದೆಯೇ ‘ವಾಯು’ ಬಂದು ನಿಲ್ಲುತ್ತದೆ. 2023ರಲ್ಲಿ ಗಂಟೆಗೆ 36 ಕಿ.ಮೀ. ದಾಟಿದ ವೇಗದಲ್ಲಿ ಓಡಿ ಜರ್ಮನ್ ಲೀಗ್‌ನ ದಾಖಲೆಗೆ ಸೇರಿದವರಿಗೆ ಈ ಪದ ಹೊಂದುವುದಿಲ್ಲ. ‘ಅಂಚಿನ ಆಟಗಾರ’ ಎಂದರೆ ‘ಅಂಚಿನ ಸಮುದಾಯ’ ನೆನಪಾಗುತ್ತದೆ, ಮೂಲೆಗುಂಪಾದವರು ಎಂಬ ಅರ್ಥ ಒಳನುಸುಳುತ್ತದೆ. ‘ಪಕ್ಕದಾಟಗಾರ’ ಎಂದರೆ ಪಕ್ಕದಲ್ಲಿ ಆಡುತ್ತಿರುವ ಇನ್ನೊಬ್ಬರು. ಮಗ್ಗುಲು ಮೈಗೆ ಸೇರಿದ್ದು. ‘ಮಗ್ಗುಲ ಮುಳ್ಳು’ ಎಂಬ ಮಾತು ಎದುರಾಳಿ ರಕ್ಷಕನ ಪಾಡನ್ನು ವರ್ಣಿಸಲು ಚೆನ್ನಾಗಿ ಒದಗಬಹುದು, ಸ್ಥಾನದ ಹೆಸರಾಗಲಾರದು.

ನನ್ನ ಒಲವು ‘ಬದಿ’ಯ ಕಡೆಗೆ. ರಸ್ತೆಬದಿ, ಹೊಳೆಬದಿ, ಕಾಲುವೆಯ ಬದಿ: ಈ ಬಳಕೆಗಳಲ್ಲೆಲ್ಲ ಬದಿ ಎಂದರೆ ಬರಿಯ ಕೊನೆಯ ಗೆರೆ ಅಲ್ಲ, ಉದ್ದಕ್ಕೂ ಸಾಗುವ ಒಂದು ಪಟ್ಟಿ. ನಡೆಯಲು, ಓಡಲು, ನಿಲ್ಲಲು ಜಾಗವಿರುವ ಪಟ್ಟಿ. ವಿಂಗರ್ ಆಡುವುದು ಇಂಥ ಪಟ್ಟಿಯಲ್ಲಿಯೇ. ಬದಿ ಎಂದರೆ ಮೈದಾನದ ಉದ್ದದ ಅಂಚಿನ ಗೆರೆಯಾದ ಟಚ್‌ಲೈನ್‌ಗೆ ‘ಬದಿಗೆರೆ’ ಸಿಗುತ್ತದೆ, ಎಡಬದಿ, ಬಲಬದಿ ತಾವಾಗಿಯೇ ಬರುತ್ತವೆ, ‘ಬದಿ ಬದಲಿಸಿದರು’ ಎಂದು ಬರೆಯಬಹುದು. ಹೀಗೆ ಒಂದು ಬೇರಿನಿಂದ ನಾಲ್ಕಾರು ಪದಗಳು ಹೊರಡುವುದಾದರೆ ಆ ಬೇರು ಗಟ್ಟಿಯಿದೆ ಎಂದೇ ನಾನು ನಂಬುತ್ತೇನೆ.

ಆಕ್ಷೇಪವೂ ಇದೆ. ‘ಬದಿಗಿಡು’, ‘ಬದಿಗೊತ್ತು’ ಎಂದರೆ ಕಡೆಗಣಿಸು. 2022ರ ಕತಾರ್ ವಿಶ್ವಕಪ್‌ಗೆ ಅಡೆಯೆಮಿ ತಂಡದಲ್ಲಿದ್ದರು, ಆದರೆ ಮೈದಾನಕ್ಕೆ ಇಳಿಯಲಿಲ್ಲ. ಆ ವಾಕ್ಯದಲ್ಲಿ ‘ಬದಿಯಾಟಗಾರ’ ಎಂದು ಬರೆದರೆ ಬೆಂಚಿನ ಮೇಲೆ ಕುಳಿತವರು ಎಂದು ಓದುವ ಸಾಧ್ಯತೆ ಇದೆ. ಆದರೂ ಲೇಖನದ ಮೊದಲಲ್ಲೇ ಒಮ್ಮೆ ವಿವರಿಸಿದರೆ ಈ ತೊಡಕು ಕಳೆಯುತ್ತದೆ ಎಂದು ನನಗೆ ಅನಿಸುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಇವರ ಬದುಕೇ ತಂದೊಡ್ಡಿದ್ದು. 2002ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಅಡೆಯೆಮಿ ಎಳವೆಯಲ್ಲಿ ಬಯರ್ನ್ ಮ್ಯೂನಿಕ್‌ನ ಕಿರಿಯರ ತಂಡದಲ್ಲಿದ್ದು, ಅಲ್ಲಿಂದ ಹೊರಬಂದು ಊರಿನ ಹೊರವಲಯದ ಉಂಟರ್‌ಹಾಖಿಂಗ್ ಕ್ಲಬ್‌ನಲ್ಲಿ ಬೆಳೆದರು. 2018ರಲ್ಲಿ, ಹದಿನಾರರ ವಯಸ್ಸಿಗೆ, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಅವರನ್ನು ಸೇರಿಸಿಕೊಂಡು ಮೊದಲು ತನ್ನ ಕಿರಿಯರನ್ನು ಬೆಳೆಸುವ ಲೀಫರಿಂಗ್ ತಂಡದಲ್ಲಿ ಆಡಲು ಬಿಟ್ಟಿತು. ಸಾಲ್ಜ್‌ಬರ್ಗ್‌ನಲ್ಲಿ ಅವರು ಬದಿಯವರಾಗಿರಲಿಲ್ಲ. ಇಬ್ಬರು ಮುಂಚೂಣಿ ಆಟಗಾರರಲ್ಲಿ ಒಬ್ಬರಾಗಿ ನಡುವಿನಲ್ಲೇ ಆಡಿ, 2021–22ರಲ್ಲಿ 19 ಗೋಲುಗಳೊಡನೆ ಆಸ್ಟ್ರಿಯಾದ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರೆನಿಸಿದರು. 2022ರಲ್ಲಿ ಬೊರೂಸಿಯಾ ಡಾರ್ಟ್‌ಮಂಡ್‌ಗೆ ಬಂದ ಮೇಲೆಯೇ ಅವರು ಹೆಚ್ಚಾಗಿ ಬದಿಗೆ ಸರಿದದ್ದು. ಎಡಗಾಲಿನವರಾದ ಇವರನ್ನು ಎಡಬದಿಯಲ್ಲಿಯೂ ಬಲಬದಿಯಲ್ಲಿಯೂ ಆಡಿಸಿದ್ದಾರೆ. ಹೀಗಿರುವಾಗ ಲೇಖನದ ಉದ್ದಕ್ಕೂ ‘ಬದಿಯಾಟಗಾರ ಅಡೆಯೆಮಿ’ ಎಂದರೆ ಅರ್ಧ ಚರಿತ್ರೆ ಸುಳ್ಳಾಗುತ್ತದೆ. ಕನ್ನಡ ಇಲ್ಲಿ ಒಂದು ಸೊಗಸಾದ ಅನುಕೂಲ ಕೊಡುತ್ತದೆ: ನಾಮಪದವನ್ನು ಹೇರದೆ ‘ಬದಿಯಲ್ಲಿ ಆಡುವ’, ‘ಬದಿಯಿಂದ ಒಳನುಗ್ಗುವ’ ಎಂದು ಕ್ರಿಯೆಯಲ್ಲೇ ಹೇಳಬಹುದು. ಬಲಬದಿಯಲ್ಲಿ ನಿಂತು ಎಡಗಾಲಿಗೆ ಚೆಂಡು ಎಳೆದುಕೊಂಡು ನಡುವಿಗೆ ನುಗ್ಗುವ ಆಟಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ಹೆಸರಿದೆ. ನಮಗೆ ಬೇರೆ ಹೆಸರು ಬೇಕಿಲ್ಲ, ‘ಒಳನುಗ್ಗು’ ಸಾಕು.

ಇದನ್ನು ಎರಡು ಸನ್ನಿವೇಶಗಳ ಮೇಲೆ ಒರೆಹಚ್ಚಿ ನೋಡಿದೆ. 2023ರ ಫೆಬ್ರುವರಿಯಲ್ಲಿ ಚೆಲ್ಸಿ ವಿರುದ್ಧ ಹೊಡೆದ ಗೋಲು ಮೊದಲನೆಯದು: ‘ಚೆಲ್ಸಿಯ ಕಾರ್ನರ್ ಮುಗಿಯುತ್ತಿದ್ದಂತೆ ಚೆಂಡು ಹಿಡಿದ ಅಡೆಯೆಮಿ ತಮ್ಮ ಅರ್ಧಾಂಗಣದಿಂದಲೇ ಓಟ ಕಿತ್ತರು, ಎದುರಾದ ಎಂಜೊ ಫರ್ನಾಂಡೆಸ್ ಅವರನ್ನು ದಾಟಿ, ಗೋಲ್‌ಕೀಪರ್ ಕೆಪಾ ಅವರನ್ನೂ ಬಳಸಿಕೊಂಡು ಖಾಲಿ ಗೋಲಿಗೆ ಒದ್ದರು.’ ಇಲ್ಲಿ ಸ್ಥಾನದ ಹೆಸರೇ ಬೇಕಾಗಲಿಲ್ಲ. ಎರಡನೆಯದು 2024ರ ಜೂನ್ 1ರಂದು ವೆಂಬ್ಲಿಯಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಡಾರ್ಟ್‌ಮಂಡ್ 0–2ರಿಂದ ಸೋತ ಚಾಂಪಿಯನ್ಸ್ ಲೀಗ್ ಫೈನಲ್: ‘ಗೋಲ್‌ಕೀಪರ್ ಕುರ್ಟ್ವಾ ಅವರನ್ನು ಅಡೆಯೆಮಿ ದಾಟಿದರೂ ಚೆಂಡು ತೀರಾ ಬದಿಗೆ ಹೋಯಿತು, ಗೋಲಿನ ಕೋನ ಕಿರಿದಾಯಿತು, ಅಷ್ಟರಲ್ಲಿ ರಕ್ಷಕ ಕಾರ್ವಹಾಲ್ ಅಡ್ಡ ಬಂದರು.’ ಬದಿ ಇಲ್ಲಿ ಯಾವ ಪ್ರಯತ್ನವೂ ಇಲ್ಲದೆ ಬಂದು ಕುಳಿತಿತು.

ಇದೇ ಲೇಖನದ ಇನ್ನೊಂದು ತೊಡಕು. 2021ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ಸೆವಿಯಾ ತಂಡದ ವಿರುದ್ಧ ಮೊದಲಾರ್ಧದಲ್ಲೇ ಅಡೆಯೆಮಿ ಮೂರು ಪೆನಾಲ್ಟಿಗಳಿಗೆ ಕಾರಣರಾದರು. ವರದಿಗಳಲ್ಲಿ ಇಂಥದಕ್ಕೆ ‘ಪೆನಾಲ್ಟಿ ಗೆದ್ದರು’ ಎಂದು ಕಾಣುತ್ತೇನೆ. ‘ಗಳಿಸಿದರು’ ಎಂದರೆ ಮೂರು ಗೋಲು ಬಂದವೆಂದು ಓದುಗರು ತಿಳಿಯುತ್ತಾರೆ. ನಿಜದಲ್ಲಿ ಒಂದನ್ನು ಅವರೇ ಹೊರಗೆ ಒದ್ದರು, ಉಳಿದೆರಡರಲ್ಲಿ ಒಂದು ಮಾತ್ರ ಗೋಲಾಯಿತು, ಪಂದ್ಯ 1–1ರಲ್ಲಿ ಮುಗಿಯಿತು. ‘ಅವರನ್ನು ಬೀಳಿಸಿದ್ದಕ್ಕೆ ಸಾಲ್ಜ್‌ಬರ್ಗ್‌ಗೆ ಮೂರು ಪೆನಾಲ್ಟಿ ಸಿಕ್ಕವು’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಯಾರು ಏನು ಮಾಡಿದರು ಎಂಬುದು ನಿಚ್ಚಳವಾಗಿದೆ.

ಕ್ಲಬ್ ಬದಲಿಸುವುದಕ್ಕೆ ‘ವರ್ಗಾವಣೆ’ ಎಂದರೆ ಸರ್ಕಾರಿ ನೌಕರರು ನೆನಪಾಗುತ್ತಾರೆ, ‘ಖರೀದಿ’ ನನಗೆ ಮನುಷ್ಯರ ವಿಷಯದಲ್ಲಿ ಸಹಿಸದು. ‘ಸೇರಿಸಿಕೊಂಡಿತು’ ಎಂದು ಬರೆದು ಮುಂದುವರಿದಿದ್ದೇನೆ. ತಾತ್ಕಾಲಿಕವಾಗಿ ಬೇರೆ ತಂಡಕ್ಕೆ ಕೊಡುವುದಕ್ಕೆ ‘ಎರವಲು’ ಒಳ್ಳೆಯ ಪದ, ಅದರ ಬಗ್ಗೆ ಯಾರಿಗೂ ತಕರಾರು ಇರಲಾರದು.

ನನ್ನ ಪ್ರಶ್ನೆಗಳು ಇವು. ‘ಬದಿಯಾಟಗಾರ’ ಎಂದು ಸಂಧಿ ಮಾಡಿ ಬರೆಯುವುದೇ, ‘ಬದಿ ಆಟಗಾರ’ ಎಂದು ಬಿಡಿಸುವುದೇ? ಸಂಧಿ ಮಾಡಿದ ರೂಪ ನನಗೆ ಹಿಡಿಸಿದೆ, ಮಕ್ಕಳಿಗೆ ಬಿಡಿ ರೂಪ ಸುಲಭವೇನೋ. ಮಹಿಳಾ ಫುಟ್‌ಬಾಲ್ ಬಗ್ಗೆ ಬರೆಯುವಾಗ ‘ಬದಿಯಾಟಗಾರ್ತಿ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಕೊಡಗಿನ ಕಡೆಯ ಸದಸ್ಯರಲ್ಲಿ ವಿಶೇಷ ವಿನಂತಿ: 1997ರಿಂದ ನಡೆದು ಬಂದಿರುವ ಕುಟುಂಬಗಳ ಹಾಕಿ ಉತ್ಸವದಲ್ಲಿ ವೀಕ್ಷಕ ವಿವರಣೆ ಕೊಡುವವರು ‘ಲೆಫ್ಟ್ ಔಟ್’, ‘ರೈಟ್ ಔಟ್’ಗಳಿಗೆ ಕನ್ನಡದ್ದೋ ಕೊಡವ ಭಾಷೆಯದ್ದೋ ಬೇರೆ ಪದ ಬಳಸುತ್ತಾರೆಯೇ? ಅಲ್ಲಿ ಬಾಯಲ್ಲಿ ನಲಿಯುತ್ತಿರುವ ಪದವೊಂದಿದ್ದರೆ ನಾನು ಕಟ್ಟಿದ್ದನ್ನು ಕೈಬಿಟ್ಟು ಅದನ್ನೇ ಬರೆಯುತ್ತೇನೆ.